ಅಕ್ಕ ತಂದ ಚಕ್ಕೋತ

ಅಣ್ಣ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಆದರೂ ಅವನ ಲಿವರ್ ಹಾಳಾಗಿದೆ ಎಂದು ತಿಳಿದಾಗ ಮೈಸೂರು ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಜನ ಮೊದಲು ಕೇಳಿದ್ದು, "ಎಷ್ಟು ವರ್ಷದಿಂದ ಅಭ್ಯಾಸ?" ಎಂದೇ. ಅಲ್ಲೇ ಎರಡು ರಸ್ತೆ ಆಚೆ ಅವನದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಅರ್ಧ ಒಂಟಿಕೊಪ್ಪಲು ಅವನ ಪಕ್ಕದಲ್ಲಿ ಕೂತೇ ಕ್ಲಚ್ಚು ಬಿಡುವುದನ್ನು ಕಲಿತದ್ದು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮೇಲೆ ಕಲಿಯಲು ಬರುವವರು ಕಡಿಮೆಯಾದರು. ಒಬ್ಬ ತಂದೆಯಂತೂ ಮಗಳನ್ನು ಅರ್ಧಕ್ಕೇ ಬಿಡಿಸಿಕೊಂಡು ಹೋದರು. ಕುಡಿಯುವವನ ಪಕ್ಕ ಹುಡುಗಿಯನ್ನು ಹೇಗೆ ಕೂರಿಸುವುದು ಎಂದು ಅವರು ಬೇರೆಯವರ ಹತ್ತಿರ ಹೇಳಿದ್ದು ಸುತ್ತಿ ಸುತ್ತಿ ಅಣ್ಣನ ಕಿವಿಗೂ ಬಿತ್ತು. ಅಂದು ಅವನು ಊಟಕ್ಕೆ ಏಳಲಿಲ್ಲ.

ಕಾರಣ ಏನೆಂದು ಯಾವ ಪರೀಕ್ಷೆಯೂ ಹೇಳಲಿಲ್ಲ. ಕೆಲವರಿಗೆ ಹೀಗೆ ಕಾರಣ ಸಿಗದೆಯೇ ಲಿವರ್ ಗಟ್ಟಿಯಾಗಿ ಹೋಗುತ್ತದೆ ಎಂದರು ಬೆಂಗಳೂರಿನ ವೈದ್ಯರು. ಇನ್ನೊಬ್ಬರ ಲಿವರಿನ ಒಂದು ಭಾಗ ಜೋಡಿಸದಿದ್ದರೆ ಹೆಚ್ಚು ಕಾಲ ಇಲ್ಲ ಎಂದೂ ಹೇಳಿದರು. ಕೊಟ್ಟವರ ಲಿವರ್ ಮತ್ತೆ ಬೆಳೆದುಕೊಳ್ಳುತ್ತದೆ, ಪಡೆದವರಲ್ಲೂ ಬೆಳೆಯುತ್ತದೆ. ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ. ನನ್ನದೂ ಹೊಂದಲಿಲ್ಲ. ಹೊಂದಿದ್ದು ಊರಾಚೆ ಇಲವಾಲದಲ್ಲಿದ್ದ ಅಕ್ಕನದು.

ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವಳು. ಓದು ಮುಗಿಯುವ ಮೊದಲೇ ಬೇಸಾಯದ ಮನೆಗೆ ಮದುವೆಯಾಗಿ ಹೋದವಳು. ಹಸು, ಹೊಲ, ಹಾಲಿನ ಡೇರಿ ಎಂದು ಬೆಳಗಿನಿಂದ ನಿಂತೇ ಇರುವ ಜೀವ. ಭಾವ ಒಪ್ಪಲಿಲ್ಲ. ಅಣ್ಣನ ಮನೆಯ ನಡುಮನೆಯಲ್ಲಿ ಕೂತು, ತಲೆ ತಗ್ಗಿಸಿಕೊಂಡು, ಆದರೆ ಗಟ್ಟಿಯಾಗಿಯೇ ಹೇಳಿದರು:

"ತಪ್ಪು ತಿಳ್ಕೋಬ್ಯಾಡಿ. ನಿಮ್ಮಣ್ಣ ಉಳೀಲಿ ಅಂತ ನನಗೂ ಐತೆ. ಇವಳಿಗೇ ಏನಾರ ಆಗ್ಬುಟ್ರೆ ನಾನ್ ಎಂಗೆ ಬದುಕ್ಲಿ? ಅದನ್ನ ಯೋಳಿ."

ಅಡುಗೆಮನೆಯಲ್ಲಿದ್ದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಅವ್ವ ಹೋಗೋವಾಗ ಇವನ ಕೈ ತಂದು ನನ್ನ ಕೈಲಿ ಇಟ್ಟು ಹೋದ್ಲು ಕಣ್ರೀ. ನೀವೂ ಅಲ್ಲೇ ಇದ್ರಲ್ಲ" ಎಂದಳು. ಭಾವ ಅವಳ ಮುಖವನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಗೇಟಿನ ಹತ್ತಿರ ತುಂಬ ಹೊತ್ತು ನಿಂತಿದ್ದರು. ಆಸ್ಪತ್ರೆಗೆ ಹೊರಟ ದಿನ ಅಕ್ಕನ ಚೀಲವನ್ನು ಹೊತ್ತವರು ಅವರೇ.

ಶಸ್ತ್ರಚಿಕಿತ್ಸೆ ಆಯಿತು. ಇಬ್ಬರೂ ಉಳಿದರು. ಅಕ್ಕ ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆ ಹೊತ್ತು ಊರಿಗೆ ಬಂದು, ಕೊಟ್ಟಿಗೆಗೆ ಇಳಿಯಬಾರದೆಂದು ವೈದ್ಯರು ಹೇಳಿದ್ದಷ್ಟು ದಿನವೂ ಕಿಟಕಿಯಿಂದಲೇ ಹಸುಗಳನ್ನು ಗದರಿಕೊಂಡಿದ್ದಳು. ಅಣ್ಣ ಮೂರು ತಿಂಗಳು ಬೆಂಗಳೂರಿನಲ್ಲೇ ಉಳಿದು ಮೈಸೂರಿಗೆ ಮರಳಿದ. ಕಣ್ಣಿನ ಹಳದಿ ಹೋಗಿ, ಬಿಳಿ ಬಂದಿತ್ತು.

ನಾನು ಮಾಡುವ ಕೆಲಸವನ್ನು ಇಲ್ಲಿ ಹೇಳಬೇಕು. ನಗರದ ಒಂದು ಪ್ರಯೋಗಾಲಯದಲ್ಲಿ, ರೋಗಿಗಳು ನುಂಗಿದ ಔಷಧ ಅವರ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ವಿಭಾಗದಲ್ಲಿದ್ದೇನೆ. ರಕ್ತಕ್ಕೆ ದ್ರಾವಣ ಬೆರೆಸಿ, ವೇಗವಾಗಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಯಂತ್ರಕ್ಕೆ ಕೊಡುತ್ತೇವೆ. ಅದು ಅಣುಗಳನ್ನು ಅವುಗಳ ತೂಕದಿಂದ ಗುರುತು ಹಿಡಿದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಔಷಧ ಇದ್ದ ಕಡೆ ಗೆರೆ ಏಕಾಏಕಿ ಬೆಟ್ಟದಂತೆ ಏಳುತ್ತದೆ. ಎತ್ತರವಾದಷ್ಟೂ ಔಷಧ ಹೆಚ್ಚು.

ಲಿವರ್ ಬದಲಾಯಿಸಿಕೊಂಡವರಿಗೆ ಈ ಅಳತೆ ಪ್ರಾಣದ ವಿಷಯ. ಹೊಸ ಲಿವರನ್ನು ದೇಹ ತನ್ನದಲ್ಲವೆಂದು ಒದೆಯದಂತೆ ತಡೆಯಲು ದಿನವೂ ಒಂದು ಮಾತ್ರೆ ನುಂಗಬೇಕು. ಅದು ಕಡಿಮೆಯಾದರೆ ದೇಹ ಲಿವರಿನ ಮೇಲೆ ತಿರುಗಿ ಬೀಳುತ್ತದೆ. ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಕೈ ನಡುಗುತ್ತದೆ. ಆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಒಡೆದು ಹೊರಹಾಕುವುದೂ ಬಹುಪಾಲು ಲಿವರೇ. ಹೀಗಾಗಿ ಅಣ್ಣನ ರಕ್ತ ನಮ್ಮಲ್ಲಿಗೆ ಬಂದಾಗಲೆಲ್ಲ ನನಗೆ ಅಕ್ಕನ ನೆನಪಾಗುತ್ತಿತ್ತು. ಅಣ್ಣ ನುಂಗಿದ ಮಾತ್ರೆಯನ್ನು ಒಡೆಯುತ್ತಿದ್ದುದು ಅವಳ ಲಿವರ್. ಮನೆಯವರ ರಕ್ತವನ್ನು ನಾನೇ ಪರೀಕ್ಷಿಸುವುದು ಬೇಡ ಎಂದು ನಮ್ಮ ವಿಭಾಗದ ಮುಖ್ಯಸ್ಥೆ ಹೇಳಿದ್ದರಿಂದ ಸಹೋದ್ಯೋಗಿಯೊಬ್ಬರು ಮಾಡುತ್ತಿದ್ದರು. ಫಲಿತಾಂಶ ಬಂದ ಮೇಲೆ, "ಸರಿಯಾಗಿದೆ" ಎಂದು ನನ್ನ ಕಡೆ ತಲೆಯಾಡಿಸುತ್ತಿದ್ದರು. ವರ್ಷ ಹಾಗೆಯೇ ಕಳೆಯಿತು.

ಭಾನುವಾರ ಸಂಜೆ ಅಣ್ಣನ ಜೊತೆ ಕೇರಂ ಆಡುವುದು ನನಗೆ ಚಿಕ್ಕಂದಿನಿಂದ ರೂಢಿ, ಈಗ ಅದಕ್ಕೆ ಅವನ ಮನೆಗೆ ಹೋಗುತ್ತೇನೆ. ಅವನು ಆಟಕ್ಕೆ ಕೂತರೆ ರಾಣಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ. ದೀಪಾವಳಿ ಕಳೆದು ಚಳಿ ಹತ್ತಿದ್ದ ಒಂದು ಭಾನುವಾರ, ಸುಲಭದ ಕಾಯಿಯೊಂದನ್ನು ಅವನು ತಪ್ಪಿಸಿದ. ಇನ್ನೊಂದನ್ನೂ ತಪ್ಪಿಸಿದ. ಸ್ಟ್ರೈಕರಿನ ಹಿಂದೆ ಇಟ್ಟಿದ್ದ ಅವನ ಬೆರಳು ಸಣ್ಣಗೆ ಅದುರುತ್ತಿತ್ತು.

"ಬೆರಳು ನಿಲ್ತಾನೇ ಇಲ್ಲ ಕಣೇ" ಎಂದ.

"ಯಾವಾಗಿಂದ?"

"ಇದೇ, ಹಬ್ಬ ಆದ್ಮೇಲೆ. ಚಳಿಗೆ ಅನ್ಕೊಂಡೆ."

ಅದು ಚಳಿಯಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಮರುದಿನವೇ ರಕ್ತ ಕೊಡಿಸಿದೆ. ಸಹೋದ್ಯೋಗಿ ಈ ಸಲ ತಲೆಯಾಡಿಸಲಿಲ್ಲ. ನನ್ನನ್ನು ಪರದೆಯ ಹತ್ತಿರ ಕರೆದರು. ಔಷಧ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ಮೂತ್ರಪಿಂಡದ ಪರೀಕ್ಷೆಯೂ ಕೆಟ್ಟಿತ್ತು.

ಬೆಂಗಳೂರಿನ ವೈದ್ಯರು ಫೋನಿನಲ್ಲಿ ಮಾತ್ರೆ ತಗ್ಗಿಸಿದರು. ಒಂದೆರಡು ವಾರ ಇಳಿದ ಹಾಗೆ ಕಂಡು ಮತ್ತೆ ಏರಿತು. ತಾವು ಬರೆದುಕೊಟ್ಟದ್ದು ಬಿಟ್ಟು ಬೇರೆ ಯಾವ ಔಷಧ ತೆಗೆದುಕೊಂಡಿದ್ದಾರೆ ಎಂದು ಅವರು ಕೇಳಿದರು. ಯಾವುದೂ ಇಲ್ಲ. ನಾಟಿ ಮದ್ದು, ಕಷಾಯ? ಅದೂ ಇಲ್ಲ. ಕೊನೆಗೆ, "ಮಾತ್ರೆ ಎರಡು ಸಲ ಹೋಗ್ತಾ ಇರಬಹುದು. ಮನೇಲಿ ಯಾರು ಕೊಡೋದು? ಸ್ವಲ್ಪ ವಿಚಾರಿಸಿ" ಎಂದರು.

ಮಾತ್ರೆ ಕೊಡುತ್ತಿದ್ದವರು ಅತ್ತಿಗೆ. ಹೊತ್ತು ಹೊತ್ತಿಗೆ ಬೇರೆ ಬೇರೆ ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಟ್ಟು, ನೀರಿನ ಲೋಟದ ಸಮೇತ ಅಣ್ಣನ ಕೈಗೆ ಕೊಟ್ಟು, ಅವನು ನುಂಗುವವರೆಗೂ ನಿಂತಿರುತ್ತಿದ್ದರು. ವೈದ್ಯರ ಮಾತು ಕೇಳಿದ ಮೇಲೆ ಅವರ ಮುಖವೇ ಇಳಿದುಹೋಯಿತು. ಒಂದು ಮಧ್ಯಾಹ್ನ ನನ್ನ ಪ್ರಯೋಗಾಲಯದ ಹೊರಗೆ ಬಂದು, ಮರದ ಕೆಳಗೆ ನಿಂತಿದ್ದರು. ಅಲ್ಲಿಗೆ ಅವರು ಎಂದೂ ಬಂದವರಲ್ಲ.

"ನೀನಾದ್ರೂ ಹೇಳಮ್ಮ. ನಾನೇ ಮರೆತು ಎರಡೆರಡು ಕೊಡ್ತಾ ಇದೀನಾ? ಯೋಚನೆ ಮಾಡಿ ಮಾಡಿ ನನಗೇ ಅನುಮಾನ ಬಂದ್ಬುಟ್ಟಿದೆ. ಇವ್ರು ಬಾಯಿ ಬಿಟ್ಟು ಏನೂ ಅನ್ನಲ್ಲ. ಆದ್ರೆ ನಿನ್ನೆಯಿಂದ ನನ್ನ ಕೈಯಿಂದ ಮಾತ್ರೆ ಇಸ್ಕೊಂಡು ಅಂಗೈಲಿ ಹರಡಿ ಎಣಿಸಿ ನುಂಗ್ತಾ ಇದಾರೆ."

ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಅಳು ಬಂತು. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ನಾನು ಅವರ ಭುಜ ಹಿಡಿದುಕೊಂಡು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂರಿಸಿದೆ.

ಅವರು ಹೋದ ಮೇಲೆ ಕೆಲಸಕ್ಕೆ ಕೂತಾಗ ಒಂದು ಯೋಚನೆ ಬಂತು. ನಾವು ದಿನವೂ ಅಳೆಯುವುದು ಔಷಧವನ್ನು ಮಾತ್ರ. ಲಿವರ್ ಅದನ್ನು ಒಡೆದಾಗ ಆಗುವ ಚೂರುಗಳನ್ನು ಅಳೆಯುವ ಅಗತ್ಯ ಬೀಳುವುದಿಲ್ಲ. ಆದರೆ ಯಂತ್ರಕ್ಕೆ ಆ ಚೂರೂ ಕಾಣುತ್ತದೆ, ಅದರ ತೂಕವೇ ಬೇರೆ. ಮಾತ್ರೆ ಎರಡೆರಡು ಹೋಗುತ್ತಿದ್ದರೆ ಔಷಧದ ಜೊತೆಗೆ ಚೂರೂ ಹೆಚ್ಚಬೇಕು, ಒಡೆಯುವ ಕೆಲಸ ನಡೆದೇ ಇರುತ್ತದಲ್ಲ. ಒಡೆಯುವ ಕಿಣ್ವಗಳನ್ನೇ ಏನೋ ತಡೆದಿದ್ದರೆ ಔಷಧ ಹೆಚ್ಚಿ, ಚೂರು ಕಡಿಮೆಯಾಗಬೇಕು. ಮುಖ್ಯಸ್ಥೆಯ ಕೋಣೆಗೆ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಯೋಚಿಸಿದರು.

"ವೈದ್ಯರನ್ನ ಒಂದು ಮಾತು ಕೇಳಿ ಮಾಡಿ. ಹಳೇ ಮಾದರಿ ಫ್ರೀಜರಿನಲ್ಲಿ ಇರಬೇಕು. ಅದನ್ನೂ ಜೊತೆಗೆ ಹಾಕಿ ನೋಡಿ" ಎಂದರು.

ಹಳೆಯ ರಕ್ತ, ಹೊಸ ರಕ್ತ ಎರಡನ್ನೂ ಸಹೋದ್ಯೋಗಿ ಯಂತ್ರಕ್ಕೆ ಕೊಟ್ಟರು. ನಾನು ಹಿಂದೆ ನಿಂತಿದ್ದೆ. ಚೆನ್ನಾಗಿದ್ದ ಕಾಲದ ರಕ್ತದಲ್ಲಿ ಔಷಧದ ಶಿಖರದ ಜೊತೆಗೆ ಚೂರಿನ ಪುಟ್ಟ ದಿಬ್ಬ ಸ್ಪಷ್ಟವಾಗಿತ್ತು. ಹೊಸದರಲ್ಲಿ ಔಷಧದ ಶಿಖರ ಎತ್ತರಕ್ಕೆ ನಿಂತಿತ್ತು, ಆ ದಿಬ್ಬ ಮಾತ್ರ ನೆಲಕ್ಕೆ ಹತ್ತಿತ್ತು. ನಾನು ಹೊರಗೆ ಬಂದು ಅತ್ತಿಗೆಗೆ ಫೋನ್ ಮಾಡಿದೆ. "ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ ಅತ್ತಿಗೆ. ಮಾತ್ರೆ ಜಾಸ್ತಿ ಹೋಗ್ತಾ ಇಲ್ಲ. ಹೋದದ್ದು ಒಡೀತಾ ಇಲ್ಲ" ಎಂದೆ. ಅವರು "ಇವ್ರಿಗೂ ಹೇಳು" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟರು.

ಆದರೆ ತಡೆಯುತ್ತಿದ್ದುದು ಏನು? ವೈದ್ಯರೂ ನಾವೂ ತಲೆ ಕೆಡಿಸಿಕೊಂಡೆವು. ಅಕ್ಕನ ಲಿವರಿಗೇ ಏನಾದರೂ ಆಗಿರಬಹುದೇ ಎಂಬ ಭಯ ನನ್ನನ್ನು ಹಿಡಿಯಿತು. ಅದನ್ನು ಯಾರ ಎದುರಿಗೂ ಆಡಲಿಲ್ಲ.

ಆ ಭಾನುವಾರ ಅಣ್ಣನ ಮನೆಯ ಗೇಟು ತೆಗೆಯುತ್ತಿದ್ದ ಹಾಗೆಯೇ ಹಣ್ಣಿನ ವಾಸನೆ ಬಂತು. ಜಗುಲಿಯ ಮೇಲೆ ಅಕ್ಕ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮಗುವಿನ ತಲೆಯಷ್ಟು ದೊಡ್ಡ ಚಕ್ಕೋತ. ಚಾಕುವಿನಿಂದ ಗೀರಿ, ಬೆರಳು ತೂರಿಸಿ, ದಪ್ಪ ಸಿಪ್ಪೆಯನ್ನು ಎಬ್ಬಿಸುತ್ತಿದ್ದಳು. ಬಿಳಿಯ ನಾರನ್ನೆಲ್ಲ ಬಿಡಿಸಿ, ಒಳಗಿನ ಗುಲಾಬಿ ತೊಳೆಗಳನ್ನು ತಟ್ಟೆಗೆ ಹಾಕಿ, ಉಪ್ಪು ಖಾರದ ಪುಡಿ ಉದುರಿಸಿ ಅಣ್ಣನ ಮುಂದೆ ಸರಿಸುತ್ತಿದ್ದಳು. ಅವನು ನಡುಗುವ ಬೆರಳಲ್ಲೇ ಎತ್ತಿ ಎತ್ತಿ ತಿನ್ನುತ್ತಿದ್ದ.

"ಬಾರೇ, ನಿನಗೂ ಸುಲೀತೀನಿ. ನಮ್ಮ ಬಾವಿ ಹತ್ರದ ಮರದ್ದು. ಈ ಸಲ ಬಿಟ್ಟಿದೆ ನೋಡು, ಕೊಂಬೆಯೆಲ್ಲ ಬಗ್ಗೋಗಿದೆ."

ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದೆ. ವಿದೇಶದ ಒಂದು ಹುಳಿಹಣ್ಣು ಈ ಮಾತ್ರೆಯ ಜೊತೆ ಕೂಡದು ಎಂದು ನಮ್ಮ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಅದರಲ್ಲಿರುವ ಒಂದು ವಸ್ತು, ಕರುಳಿನ ಗೋಡೆಯಲ್ಲಿಯೂ ಲಿವರಿನಲ್ಲಿಯೂ ಔಷಧ ಒಡೆಯುವ ಕಿಣ್ವವನ್ನು ಕೆಲಸ ಮಾಡದಂತೆ ಮಾಡಿಬಿಡುತ್ತದೆ. ಚಕ್ಕೋತಕ್ಕೂ ಆ ಹಣ್ಣಿಗೂ ಹತ್ತಿರದ ನಂಟು.

"ಇದನ್ನ ಯಾವಾಗಿಂದ ತಿಂತಾ ಇದೀಯ?" ಎಂದು ಅಣ್ಣನನ್ನು ಕೇಳಿದೆ.

"ಅಕ್ಕ ಬಂದಾಗೆಲ್ಲ ತರ್ತಾಳೆ. ಹಬ್ಬದಿಂದ ಈಚೆಗೆ ದಿನಾ ಬೆಳಿಗ್ಗೆ ಒಂದು ಆಗ್ತಿದೆ. ಯಾಕೆ?"

ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದೆ. "ಆಸ್ಪತ್ರೇಲಿ ಯಾವ್ದಾದ್ರೂ ಹಣ್ಣು ತಿನ್ನಬೇಡಿ ಅಂದಿದ್ರಾ?"

"ಗ್ರೇಪ್ ಫ್ರೂಟ್ ಮುಟ್ಟಬೇಡಿ ಅಂದಿದ್ರು. ಅದಕ್ಕೇ ದ್ರಾಕ್ಷಿ ಮನೆಗೇ ತರಲ್ಲ. ಪಾಯಸಕ್ಕೆ ಒಣದ್ರಾಕ್ಷೀನೂ ಹಾಕೋದು ಬಿಟ್ಟಿದೀನಿ."

"ಅದು ದ್ರಾಕ್ಷಿ ಅಲ್ಲ ಅತ್ತಿಗೆ. ಹೆಸರು ಹಾಗಿದೆ ಅಷ್ಟೇ. ಅದು ಕಿತ್ತಳೆ, ಚಕ್ಕೋತದ ಜಾತಿ. ನಮ್ಮ ಕಡೆ ಬೆಳೆಯಲ್ಲ."

ಅಕ್ಕನ ಚಾಕು ನಿಂತಿತು. "ಅಂದ್ರೆ, ಇದು?"

ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ. "ಇದೂ ಅದನ್ನೇ ಮಾಡುತ್ತೆ ಅಕ್ಕ. ಇದನ್ನ ತಿಂದ್ರೆ ಆ ಮಾತ್ರೆ ಒಡೆಯಲ್ಲ."

ಅವಳು ಚಕ್ಕನೆ ಬಗ್ಗಿ ಅಣ್ಣನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡಳು. ಅವನ ಕೈಯಲ್ಲಿದ್ದ ತೊಳೆಯನ್ನೂ ಕಿತ್ತುಕೊಂಡಳು. ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಂಡಳು.

"ಸಿಪ್ಪೆ ದಪ್ಪ ಇರೋ ಹಣ್ಣು ಕೊಡಿ, ಕ್ರಿಮಿ ಒಳಕ್ಕೆ ಹೋಗಲ್ಲ ಅಂತ ಆಸ್ಪತ್ರೆಯವ್ರೇ ಹೇಳಿದ್ರು ಕಣೇ" ಎಂದಳು. "ಇದಕ್ಕಿಂತ ದಪ್ಪ ಸಿಪ್ಪೆ ಯಾವ ಹಣ್ಣಿಗಿದೆ ಹೇಳು?"

ಅವಳು ಎದ್ದು ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಸೋಪು ಹಚ್ಚಿ ಮತ್ತೆ ತೊಳೆದುಕೊಂಡಳು. ನೀರಿನ ಸದ್ದು ನಿಲ್ಲಲೇ ಇಲ್ಲ. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಉಳಿದಿದ್ದ ಹಣ್ಣುಗಳನ್ನು ಚೀಲಕ್ಕೆ ತುಂಬಿಕೊಂಡು, ಊಟಕ್ಕೂ ನಿಲ್ಲದೆ, ಅವಳು ಇಲವಾಲದ ಬಸ್ಸು ಹತ್ತಿದಳು.

ಹಣ್ಣು ನಿಂತ ಮೇಲೆ ಔಷಧ ಇಳಿಯಿತು. ಚೂರಿನ ದಿಬ್ಬ ಮತ್ತೆ ಎದ್ದಿತು. ಲಿವರಿಗೆ ಏನೂ ಆಗಿರಲಿಲ್ಲ. ಮೂತ್ರಪಿಂಡ ಮಾತ್ರ ಅಷ್ಟು ಬೇಗ ಸುಧಾರಿಸಲಿಲ್ಲ. ಅಣ್ಣ ಮೈಸೂರಿನಲ್ಲೇ ಆಸ್ಪತ್ರೆ ಸೇರಿ ಕೆಲ ದಿನ ಮಲಗಿದ. ಬಹುಪಾಲು ಮರಳಿದೆ, ಪೂರ್ತಿ ಮರಳುವುದಿಲ್ಲ, ಇನ್ನು ಜೀವನಪೂರ್ತಿ ಕಾಪಾಡಿಕೊಳ್ಳಬೇಕು ಎಂದರು ವೈದ್ಯರು. ಮನೆಗೆ ಬಂದ ದಿನ ಅತ್ತಿಗೆ ಮಾತ್ರೆಯ ಡಬ್ಬಿ ತಂದು ಅಣ್ಣನ ಮುಂದಿಟ್ಟರು.

"ಇನ್ಮೇಲೆ ನೀವೇ ತಗೊಳ್ಳಿ."

"ಯಾಕೆ? ನಾನೇನಂದೆ ನಿನಗೆ?"

"ಏನೂ ಅನ್ನಲಿಲ್ಲ. ಎಣಿಸಿದ್ರಿ."

ನಾನು ಅಲ್ಲಿಂದ ಎದ್ದು ಹೋಗಬೇಕೆಂದುಕೊಂಡೆ, ಆಗಲಿಲ್ಲ. "ಹೆದರಿಬಿಟ್ಟಿದ್ದೆ ಕಣೆ" ಎಂದ ಅವನು ತಗ್ಗಿದ ದನಿಯಲ್ಲಿ. ಅತ್ತಿಗೆ ಒಳಗೆ ಹೋದರು. ಡಬ್ಬಿಯನ್ನು ಅವರು ಆಮೇಲೆ ಮುಟ್ಟಲಿಲ್ಲ. ಮಾತು, ನಗು ಎಲ್ಲ ಮೊದಲಿನಂತೆಯೇ ಇದೆ. ಮಾತ್ರೆ ಮಾತ್ರ ಇವತ್ತಿಗೂ ಅಣ್ಣನೇ ತೆಗೆದುಕೊಳ್ಳುತ್ತಾನೆ.

ಅಕ್ಕ ಆಸ್ಪತ್ರೆಗೆ ಬಂದಿರಲಿಲ್ಲ. ಫೋನ್ ಮಾಡಿದರೆ, ಹಸು ಕರು ಹಾಕಿದೆ, ಕೂಲಿಯವರು ಬಂದಿಲ್ಲ ಎನ್ನುತ್ತಿದ್ದಳು. ಒಂದು ದಿನ ಭಾವನೇ ನನಗೆ ಫೋನ್ ಮಾಡಿದರು.

"ನಿಮ್ಮಕ್ಕ ಸರ್ಯಾಗಿ ಉಣ್ತಿಲ್ಲ ಕಣಮ್ಮ. ಮರ ಕಡ್ದಾಕಿ ಅಂತ ಕುಂತವ್ಳೆ. ನಮ್ಮವ್ವ ನೆಟ್ಟ ಮರ ಅದು. ಕಡಿಯೋದೇನ್ ದೊಡ್ಡ ಇಸ್ಯ ಅಲ್ಲ, ಕಡ್ದ್ರೂ ಇವಳು ಸರಿಯಾಯ್ತಾಳಾ ಅನ್ನೋದೇ ನಂಗೆ. ನಿಮ್ಮಣ್ಣನ್ನ ಒಂದ್ ಸಲ ಕರ್ಕಂಬನ್ನಿ."

ಅಣ್ಣ ಆ ಹೊತ್ತಿಗೆ ಮತ್ತೆ ಕಾರು ಓಡಿಸಲು ಶುರು ಮಾಡಿದ್ದ. ಅವನೇ ಓಡಿಸಿದ. ನಾನು ಪಕ್ಕದಲ್ಲಿ, ಅತ್ತಿಗೆ ಹಿಂದೆ. ನಾವು ಹೋದಾಗ ಅಕ್ಕ ಕೊಟ್ಟಿಗೆಯಲ್ಲಿದ್ದಳು. ಅಣ್ಣನನ್ನು ನೋಡಿ ನಿಂತಲ್ಲೇ ನಿಂತಳು. ಸೊರಗಿದ್ದಳು.

"ಒಳಗೆ ಬಾ ಅಂತಾನೂ ಅನ್ನಲ್ವಾ?" ಎಂದ ಅಣ್ಣ.

"ಯಾವ ಮುಖ ಇಟ್ಕೊಂಡು ಅನ್ಲೋ? ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ನಿನ್ನ ಕಿಡ್ನಿ ತಿಂದ್ಬುಟ್ನಲ್ಲ."

"ಹಣ್ಣು ತಿಂದವನು ನಾನು ಕಣಕ್ಕ. ಬಾಯಿ ನಂದು."

"ಬಾಯಿ ನಿಂದಾದ್ರೆ, ಲಿವರು ನಂದಲ್ವೇನೋ?" ಎಂದಳು ಅಕ್ಕ ರೇಗಿ.

ಅಣ್ಣನಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದ, ಆಗಲಿಲ್ಲ. ಅಕ್ಕನ ತುಟಿಯೂ ಬಿರಿಯಿತು, ಬಿರಿದದ್ದೇ ಅಳುವಾಯಿತು. ಅವನು ಸಗಣಿ ತುಳಿದುಕೊಂಡೇ ಒಳಗೆ ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಭಾವ ಮುಖ ತಿರುಗಿಸಿಕೊಂಡು, ಹಗ್ಗ ಬಿಚ್ಚುವ ಕೆಲಸವಿಲ್ಲದಿದ್ದರೂ ಕರುವಿನ ಹಗ್ಗ ಬಿಚ್ಚಿ ಮತ್ತೆ ಕಟ್ಟಿದರು. ಅಂದು ಅಕ್ಕ ನಮ್ಮ ಜೊತೆ ಕೂತು ಮುದ್ದೆ ಉಂಡಳು. ಮರ ಕಡಿಯುವ ಮಾತು ಮತ್ತೆ ಬರಲಿಲ್ಲ. ಆದರೆ ಅದರ ಹಣ್ಣನ್ನು ಅವಳು ಬಾಯಿಗೆ ಇಟ್ಟದ್ದನ್ನು ನಾನು ಕಂಡಿಲ್ಲ.

ಕೆಲವು ತಿಂಗಳ ಹಿಂದೆ ಅವಳು ಬೆಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡಿಕೊಂಡು, ಕುಂಕುಮ ಕೊಡಲೆಂದು ನೇರ ನನ್ನ ಕೆಲಸದ ಜಾಗಕ್ಕೇ ಬಂದಳು. ನೀನು ಅವತ್ತು ನೋಡಿದ್ದೇನು, ತೋರಿಸು ಎಂದಳು. ಮುಖ್ಯಸ್ಥೆಯನ್ನು ಕೇಳಿ, ಗಾಜಿನ ಗೋಡೆಯ ಹತ್ತಿರ ಅವಳನ್ನು ನಿಲ್ಲಿಸಿ, ಅಣ್ಣನದೇ ಹಳೆಯ ಎರಡು ಚಿತ್ರಗಳನ್ನು ಪರದೆಗೆ ತಂದೆ. ಇದು ಮಾತ್ರೆ, ಪಕ್ಕದಲ್ಲಿರೋ ಈ ಸಣ್ಣದು ನಿನ್ನ ಲಿವರ್ ಒಡೆದು ಹಾಕಿದ್ದು ಎಂದೆ. ಅವಳು ಹಣೆಯನ್ನು ಗಾಜಿಗೆ ಆನಿಸಿ ನೋಡಿದಳು.

"ಇಷ್ಟೇನಾ?"

"ಇಷ್ಟೇ."

ಅವಳ ಕಣ್ಣು ಪರದೆಯಿಂದ ಸರಿದು, ಅಂದಿನ ಪರೀಕ್ಷೆಗೆ ಸಾಲಾಗಿ ನಿಲ್ಲಿಸಿದ್ದ ರಕ್ತದ ಕೊಳವೆಗಳ ಮೇಲೆ ನಿಂತಿತು. ಎಲ್ಲಕ್ಕೂ ಒಂದೇ ಬಣ್ಣದ ಮುಚ್ಚಳ.

"ಇವ್ರಿಗೂ ಯಾರಾದ್ರೂ ಕೊಟ್ಟಿರ್ತಾರಾ?"

"ತುಂಬ ಜನಕ್ಕೆ ಕೊಟ್ಟಿರ್ತಾರೆ ಅಕ್ಕ. ಮನೆಯವ್ರು ಕೆಲವ್ರು. ಸತ್ತೋದವ್ರು ಕೆಲವ್ರು."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೊಳವೆಗಳ ಸಾಲಿಗೆ ಕೈ ಮುಗಿದಳು. ಒಳಗೆ ನನ್ನ ಸಹೋದ್ಯೋಗಿ ಮುಂದಿನ ಕೊಳವೆಯನ್ನು ಎತ್ತಿಕೊಂಡರು.